ಆಟದ ಗಣಕಕ್ಕೆ ಎಂತಹ ಉಗ್ರಾಣ?

ಕಳೆದ ವರ್ಷದ ಮುಂಗಾರಿನಲ್ಲಿ ಒಂದು ಸಂಜೆ, ಕಾಲೇಜಿನ ಪ್ರಯೋಗಶಾಲೆಗೆ ಬೀಗ ಹಾಕಿ ಹೊರಡುವ ಹೊತ್ತಿಗೆ, ಇಬ್ಬರು ವಿದ್ಯಾರ್ಥಿಗಳು ನಮ್ಮನ್ನು ತಡೆದು ನಿಲ್ಲಿಸಿದರು. ಒಬ್ಬನು ನಂಜನಗೂಡಿನವನು, ಇನ್ನೊಬ್ಬಳು ತಿರುಮಕೂಡಲು ನರಸೀಪುರದವಳು. ಇಬ್ಬರ ಬೆನ್ನಮೇಲೂ ಲ್ಯಾಪ್‌ಟಾಪಿನ ಭಾರವಾದ ಚೀಲ. ಇಬ್ಬರ ಪ್ರಶ್ನೆಯೂ ಮೇಲುನೋಟಕ್ಕೆ ಒಂದೇ: ಆಟವಾಡುವ ಲ್ಯಾಪ್‌ಟಾಪಿಗೆ ಎಂತಹ ಡ್ರೈವ್ ಹಾಕಿಸಬೇಕು?

ಹುಡುಗನ ಯಂತ್ರ ಹೊಸದು. ಅದರಲ್ಲಿದ್ದ ೫೧೨ ಗಿಗಾಬೈಟಿನ ಜಾಗ ನಾಲ್ಕು ಆಟಗಳಿಗೂ ಕಾಲೇಜಿನ ಕೆಲಸಕ್ಕೂ ಸಾಲದೆ ತುಂಬಿಹೋಗಿದ್ದಿತು. ರಜೆಯಲ್ಲಿ ಸೋದರಮಾವನ ಅಂಗಡಿಯಲ್ಲಿ ದುಡಿದು ಕೂಡಿಟ್ಟ ಹಣ ಅವನ ಕೈಯಲ್ಲಿತ್ತು. "ಸಾರ್, ಈ ದುಡ್ಡು ಒಂದೇ ಸಲ ಬರೋದು. ತಪ್ಪು ಸಾಮಾನು ತಂದುಬಿಟ್ಟರೆ ಇನ್ನೊಂದು ವರ್ಷ ಕಾಯಬೇಕು" ಎಂದನು. ಅತ್ಯಂತ ವೇಗದ ಒಂದನ್ನು ತೆಗೆದುಕೊಳ್ಳೆಂದು ಒಬ್ಬ ಗೆಳೆಯ, ಎರಡನ್ನು ಕೊಂಡು ಒಟ್ಟಿಗೆ ಹೆಣೆದುಬಿಡೆಂದು ಮತ್ತೊಬ್ಬ ಗೆಳೆಯ ಅವನಿಗೆ ಸಲಹೆ ಕೊಟ್ಟಿದ್ದರು.

ಹುಡುಗಿಯ ಯಂತ್ರ ಹಳೆಯದು. ಬೆಂಗಳೂರಿಗೆ ಕೆಲಸಕ್ಕೆ ಹೋದ ಅಣ್ಣ ಬಿಟ್ಟುಹೋದದ್ದು. ಅದರೊಳಗಿರುವುದು ತಿರುಗುವ ತಟ್ಟೆಯ ಹಾರ್ಡ್ ಡಿಸ್ಕ್. ಆಟ ತೆರೆಯುವುದರೊಳಗೆ ಕಾಫಿ ಕಾಯಿಸಿ ಕುಡಿಯಬಹುದೆಂದು ಅವಳು ನಗುತ್ತ ಹೇಳಿದಳು. ಆಮೇಲೆ, ನಡುವೆ ನೆನಪಾದಂತೆ, "ಈಚೆಗೆ ಒಳಗಡೆ ಟಿಕ್ ಟಿಕ್ ಅಂತ ಸದ್ದು ಬರ್ತಿದೆ ಸಾರ್" ಎಂದಳು. ಅದರಲ್ಲಿ ಇನ್ನೇನಿದೆ ಎಂದು ವಿಚಾರಿಸಿದೆವು. ತೀರಿಕೊಂಡ ಅಜ್ಜಿ ಹಾಡಿದ ಬೀಸುವ ಪದಗಳ ಮುದ್ರಣ ನಲವತ್ತು ಇದ್ದುವು. ಬೇರೆಲ್ಲಿಯೂ ಪ್ರತಿ ಇರಲಿಲ್ಲ. ಮಾತು ಅಲ್ಲಿಗೇ ನಿಲ್ಲಿಸಿ, ಯಂತ್ರವನ್ನು ಕೂಡಲೇ ಆರಿಸಿ, ನಾಳೆ ನಾವು ಹೇಳುವವರೆಗೆ ಮತ್ತೆ ಹೊತ್ತಿಸಕೂಡದೆಂದು ಹೇಳಿದೆವು. ಅದೇಕೆಂಬುದು ಮುಂದೆ ತಿಳಿಯುತ್ತದೆ.

ಆ ಸಂಜೆಯಿಂದ ಮೊದಲ್ಗೊಂಡು ಒಂದು ವಾರ ನಡೆದ ಮಾತುಕತೆಯನ್ನೇ ಇಲ್ಲಿ ವಿಸ್ತರಿಸಿ ಬರೆದಿದ್ದೇವೆ. ಬೆಲೆಗಳ ಮಾತನ್ನು ಬೇಕೆಂದೇ ಬಿಟ್ಟಿದ್ದೇವೆ; ಅವು ಟೊಮೇಟೊ ಬೆಲೆಯಂತೆ ಏರಿಳಿಯತಕ್ಕವು.

ಗಣಕದಲ್ಲಿ ನೆನಪು ಎಂಬುದು ಎರಡು ಬಗೆ. ಅಡಿಗೆಮನೆಯನ್ನು ನೋಡಿ. ಒಲೆಯ ಪಕ್ಕದ ಕಟ್ಟೆಯ ಮೇಲೆ ಆ ಹೊತ್ತಿನ ಅಡಿಗೆಗೆ ಬೇಕಾದ ಸಾಮಾನಷ್ಟೇ ಇರುತ್ತದೆ. ಅಡಿಗೆ ಮುಗಿದೊಡನೆ ಕಟ್ಟೆ ಒರೆಸಿ ಬರಿದಾಗುತ್ತದೆ. ಗಣಕದ ರ್‍ಯಾಮ್ ಅಂಥದು. ವಿದ್ಯುತ್ತು ಹೋದರೆ ಅದರಲ್ಲಿರುವುದೆಲ್ಲ ಮಾಯ. ಅಕ್ಕಿ ಬೇಳೆಗಳು ತಿಂಗಳುಗಟ್ಟಲೆ ಉಳಿಯುವುದು ಉಗ್ರಾಣದಲ್ಲಿ. ನಾವಿಲ್ಲಿ ವಿಚಾರಿಸುತ್ತಿರುವುದು ಈ ಉಗ್ರಾಣವನ್ನು ಕುರಿತು. ಉಗ್ರಾಣ ಎಷ್ಟೇ ಚೆನ್ನಾಗಿದ್ದರೂ ಒಲೆಯ ಉರಿ ಹೆಚ್ಚುವುದಿಲ್ಲ. ಹಾಗೆಯೇ ಡ್ರೈವ್ ಬದಲಿಸಿದ ಮಾತ್ರಕ್ಕೆ ತೆರೆಯ ಮೇಲೆ ಓಡುವ ಚಿತ್ರಗಳ ಸಂಖ್ಯೆ ಸೆಕೆಂಡಿಗೆ ಅರವತ್ತರಿಂದ ನೂರಕ್ಕೆ ಏರಲಾರದು. ಅದು ಪ್ರೊಸೆಸರಿನ ಮತ್ತು ಗ್ರಾಫಿಕ್ಸ್ ಕಾರ್ಡಿನ ಕೆಲಸ. ಆಟ ತೆರೆಯಲು, ಒಂದು ಘಟ್ಟದಿಂದ ಇನ್ನೊಂದಕ್ಕೆ ಹೋಗಲು ಹಿಡಿಯುವ ಸಮಯ ಮಾತ್ರ ಉಗ್ರಾಣದ ಪಾಲು. ಅನೇಕರು ಇಲ್ಲಿಯೇ ಎಡವಿ ಹಣ ಕಳೆದುಕೊಳ್ಳುತ್ತಾರೆ.

ತಿರುಗುವ ತಟ್ಟೆಯ ಉಗ್ರಾಣ ಹುಟ್ಟಿದ್ದು ೧೯೫೬ರಲ್ಲಿ. ಐಬಿಎಂ ಕಂಪನಿಯ ರಾಮ್ಯಾಕ್ ಎಂಬ ಯಂತ್ರದಲ್ಲಿ ೨೪ ಅಂಗುಲ ವ್ಯಾಸದ ೫೦ ತಟ್ಟೆಗಳು ಒಂದೇ ಅಕ್ಷದ ಮೇಲೆ ತಿರುಗುತ್ತಿದ್ದುವು. ಸುಮಾರು ಒಂದು ಟನ್ ತೂಗುತ್ತಿದ್ದ ಆ ಪೆಟ್ಟಿಗೆ ಹಿಡಿಯುತ್ತಿದ್ದುದು ಐವತ್ತು ಲಕ್ಷ ಅಕ್ಷರಗಳನ್ನು. ಇಂದಿನ ಕೈಫೋನಿನಲ್ಲಿ ತೆಗೆದ ಎರಡು ಮೂರು ಛಾಯಾಚಿತ್ರಗಳಿಗೆ ಅದು ಭರ್ತಿಯಾಗುತ್ತಿದ್ದಿತು. ಇಂದಿನ ಹಾರ್ಡ್ ಡಿಸ್ಕಿನ ತತ್ತ್ವವೂ ಅದೇ. ತಟ್ಟೆಯ ಮೇಲೆ ಕಾಂತೀಯ ವಸ್ತುವಿನ ತೆಳುಲೇಪ. ಅದರಲ್ಲಿಯ ಒಂದೊಂದು ಅತಿ ಚಿಕ್ಕ ಪ್ರದೇಶದ ಕಾಂತದಿಕ್ಕು ಹೀಗಿದ್ದರೆ ೦, ಹಾಗಿದ್ದರೆ ೧. ಓದುವ ತಲೆ ತಟ್ಟೆಯನ್ನು ಮುಟ್ಟದೆ ಗಾಳಿಯ ಪದರದ ಮೇಲೆ ತೇಲುತ್ತದೆ. ನಡುವಿನ ಅಂತರ ಕೆಲವೇ ನ್ಯಾನೋಮೀಟರ್; ನಮ್ಮ ತಲೆಗೂದಲಿನ ದಪ್ಪ ಸುಮಾರು ಎಂಬತ್ತು ಸಾವಿರ ನ್ಯಾನೋಮೀಟರ್ ಎಂಬುದನ್ನು ನೆನೆದರೆ ಇದರ ಸೂಕ್ಷ್ಮ ಮನವರಿಕೆಯಾದೀತು. ೧೯೮೮ರಲ್ಲಿ ಆಲ್ಬರ್ಟ್ ಫೆರ್ಟ್ ಮತ್ತು ಪೀಟರ್ ಗ್ರೂನ್‌ಬರ್ಗ್ ಬೇರೆ ಬೇರೆಯಾಗಿ ಕಂಡುಹಿಡಿದ ದೈತ್ಯ ಕಾಂತರೋಧವೆಂಬ ವಿದ್ಯಮಾನದಿಂದಾಗಿ, ಅತಿ ದುರ್ಬಲ ಕಾಂತಕ್ಷೇತ್ರವನ್ನೂ ಈ ತಲೆ ಗುರುತಿಸಬಲ್ಲುದಾಯಿತು. ಅವರಿಬ್ಬರಿಗೆ ೨೦೦೭ರಲ್ಲಿ ನೊಬೆಲ್ ಪಾರಿತೋಷಿಕ ದೊರೆಯಿತು.

ಇನ್ನು ಸ್ವಲ್ಪ ಲೆಕ್ಕ. ಲ್ಯಾಪ್‌ಟಾಪಿನ ಸಾಮಾನ್ಯ ತಟ್ಟೆ ನಿಮಿಷಕ್ಕೆ ೫೪೦೦ ಸುತ್ತು, ಎಂದರೆ ಸೆಕೆಂಡಿಗೆ ೯೦ ಸುತ್ತು ತಿರುಗುತ್ತದೆ. ಅದರ ಅಂಚಿನ ವೇಗ ಗಂಟೆಗೆ ಸುಮಾರು ೬೫ ಕಿಲೋಮೀಟರ್. ನಮ್ಮ ನಂಜನಗೂಡು ಬಸ್ಸು ಹೆದ್ದಾರಿಯಲ್ಲಿ ಹೋಗುವ ವೇಗ. ಒಂದು ಸುತ್ತಿಗೆ ಹಿಡಿಯುವ ಕಾಲ ೧೧ ಮಿಲಿಸೆಕೆಂಡ್. ಬೇಕಾದ ಅಕ್ಷರ ತಲೆಯ ಕೆಳಕ್ಕೆ ಬರಲು ಸರಾಸರಿ ಅರ್ಧ ಸುತ್ತು ಕಾಯಬೇಕು, ೫.೬ ಮಿಲಿಸೆಕೆಂಡ್. ತಲೆಯು ತಕ್ಕ ಪಥಕ್ಕೆ ಸರಿಯಲು ಮತ್ತೆ ೧೨ ಮಿಲಿಸೆಕೆಂಡ್ ಎಂದಿಟ್ಟುಕೊಂಡರೆ, ಒಂದು ತುಣುಕನ್ನು ಹುಡುಕಿ ತರಲು ೧೭.೬ ಮಿಲಿಸೆಕೆಂಡ್, ಸೆಕೆಂಡಿಗೆ ೫೭ ತುಣುಕು ಮಾತ್ರ. ಆಟವೊಂದು ಅಲ್ಲಲ್ಲಿ ಚದುರಿರುವ ೨೦,೦೦೦ ಸಣ್ಣ ತುಣುಕುಗಳನ್ನು ಕೇಳಿತೆನ್ನಿ. ಸುಮಾರು ೬ ನಿಮಿಷ ಬೇಕು! ಆಟ ರಚಿಸುವವರು ಇದನ್ನರಿತೇ ತುಣುಕುಗಳನ್ನು ಸಾಲಾಗಿ ಜೋಡಿಸಿಡುತ್ತಿದ್ದುದರಿಂದ ಅಷ್ಟು ಕೆಡುಕಾಗುತ್ತಿರಲಿಲ್ಲ. ಆದರೆ ಈಗಿನ ಅನೇಕ ಆಟಗಳು ತಿರುಗುವ ತಟ್ಟೆಯ ಹಂಗನ್ನು ತೊರೆದೇ ರಚಿತವಾಗುತ್ತಿವೆ.

ಅಂತೂ ಇಲ್ಲಿ ಓಡುವ, ಸರಿಯುವ, ತೇಲುವ ಅಂಗಗಳುಂಟು. ಹೊತ್ತಿಸಿಟ್ಟ ಯಂತ್ರವನ್ನು ಚೀಲಕ್ಕೆ ತುರುಕಿ ಬಸ್ಸಿನಲ್ಲಿ ಕುಲುಕಿಸಿದರೆ ತಲೆ ತಟ್ಟೆಯನ್ನು ಗೀರಬಹುದು. ಆರಿಸಿದಾಗ ತಲೆ ಪಕ್ಕಕ್ಕೆ ಸರಿದು ಕುಳಿತಿರುತ್ತದೆ, ಭಯ ಕಡಮೆ. ಟಿಕ್ ಟಿಕ್ ಸದ್ದು ಬಹುಮಟ್ಟಿಗೆ ತಲೆಯು ತನ್ನ ಪಥವನ್ನು ಕಾಣದೆ ಮತ್ತೆ ಮತ್ತೆ ಹಿಂದಿರುಗಿ ತಡಕುವ ಸದ್ದು. ಅಂಥ ಡಿಸ್ಕಿನಲ್ಲಿ ಇನ್ನೂ ಎಷ್ಟು ತಾಸು ಉಳಿದಿವೆಯೆಂದು ಯಾರೂ ಹೇಳಲಾರರು. ಉಳಿದ ತಾಸುಗಳನ್ನು ಆಟಕ್ಕಲ್ಲ, ಪ್ರತಿ ತೆಗೆಯುವುದಕ್ಕೆ ವೆಚ್ಚ ಮಾಡಬೇಕು. ಆದುದರಿಂದಲೇ ಆರಿಸಿಬಿಡೆಂದು ಆ ಹುಡುಗಿಗೆ ಹೇಳಿದ್ದು.

ಎರಡನೆಯ ಬಗೆಯ ಉಗ್ರಾಣ ಎಸ್ಎಸ್‌ಡಿ. ಇದರಲ್ಲಿ ಚಲಿಸುವ ಅಂಗವೇ ಇಲ್ಲ. ಇದರ ಮೂಲದ್ರವ್ಯ ಸಿಲಿಕಾನ್, ಮರಳಿನಲ್ಲಿಯೂ ಇರುವ ಮೂಲವಸ್ತು. (ನರಸೀಪುರದವರಿಗೆ ತಲಕಾಡಿನ ಮರಳುದಿಣ್ಣೆ ಕಣ್ಣಮುಂದೆ ಬಂದೀತು. ಚಿಪ್ಪಿಗೆ ಎಲ್ಲ ಮರಳೂ ಆಗದು, ಬಹು ಶುದ್ಧವಾದ ಸ್ಫಟಿಕಶಿಲೆಯೇ ಬೇಕು.) ಬೆಲ್ ಪ್ರಯೋಗಶಾಲೆಯ ದಾವನ್ ಕಾಂಗ್ ಮತ್ತು ಸೈಮನ್ ಝೀ ಎಂಬವರು ೧೯೬೭ರಲ್ಲಿ ಒಂದು ಉಪಾಯವನ್ನು ಸೂಚಿಸಿದರು. ಟ್ರಾನ್ಸಿಸ್ಟರಿನೊಳಗೆ, ಸುತ್ತಲೂ ವಿದ್ಯುನ್ನಿರೋಧಕದಿಂದ ಮುಚ್ಚಿದ ಒಂದು ದ್ವೀಪವನ್ನಿರಿಸಿ, ಅದರೊಳಕ್ಕೆ ವಿದ್ಯುತ್ಕಣಗಳನ್ನು ತಳ್ಳಿಬಿಟ್ಟರೆ, ವಿದ್ಯುತ್ತು ನಿಂತ ಮೇಲೂ ಅವು ಅಲ್ಲೇ ಸೆರೆಯಾಗಿರುವುವು. ಸೆರೆಯಾಳುಗಳಿದ್ದರೆ ಒಂದು ಅಂಕೆ, ಇಲ್ಲದಿದ್ದರೆ ಇನ್ನೊಂದು. ತೋಷಿಬಾ ಕಂಪನಿಯ ಫುಜಿಯೊ ಮಸುವೊಕ ೧೯೮೪ರಲ್ಲಿ ಫ್ಲ್ಯಾಶ್ ಸ್ಮೃತಿಯನ್ನು ಲೋಕದ ಮುಂದಿಟ್ಟರು. ನಾವೀಗ ಬಳಸುವ ನ್ಯಾಂಡ್ ಎಂಬ ಬಗೆ ೧೯೮೭ರಲ್ಲಿ ಬಂದಿತು.

ಬಾಗಿಲೇ ಇಲ್ಲದ ಕೋಣೆಗೆ ಕಣಗಳು ಹೊಕ್ಕುವುದೆಂತು? ಭೌತಶಾಸ್ತ್ರದ ವಿದ್ಯಾರ್ಥಿ ಇಲ್ಲಿ ಒಂದು ಗಳಿಗೆ ನಿಲ್ಲಬೇಕು. ಗೋಡೆಯನ್ನು ಹತ್ತಿ ದಾಟುವಷ್ಟು ಶಕ್ತಿ ವಿದ್ಯುತ್ಕಣಕ್ಕಿಲ್ಲ. ಆದರೆ ಕ್ವಾಂಟಂ ಸಿದ್ಧಾಂತದಂತೆ ಅದಕ್ಕೆ ಅಲೆಯ ಸ್ವಭಾವವೂ ಉಂಟು. ಗೋಡೆ ಸಾಕಷ್ಟು ತೆಳುವಾದರೆ ಅಲೆ ಆಚೆ ಬದಿಗೂ ಚಾಚಿರುತ್ತದೆ, ಕಣವು ಆಚೆ ಕಾಣಿಸಿಕೊಳ್ಳುವ ಸಂಭವ ಸೊನ್ನೆಯಾಗದು. ಪ್ರಬಲ ವಿದ್ಯುತ್‌ಕ್ಷೇತ್ರದಲ್ಲಿ ಗೋಡೆ ಇನ್ನೂ ತೆಳುವಾದಂತೆ ವರ್ತಿಸುತ್ತದೆ. ಫೌಲರ್ ಮತ್ತು ನಾರ್ಡ್‌ಹೈಮ್ ೧೯೨೮ರಲ್ಲಿ, ಲೋಹದಿಂದ ವಿದ್ಯುತ್ಕಣಗಳು ಹೊರಬೀಳುವುದನ್ನು ವಿವರಿಸಲು ಈ ಗಣಿತವನ್ನು ಬರೆದರು. ಪಠ್ಯಪುಸ್ತಕದಲ್ಲಿ ಪರೀಕ್ಷೆಗಾಗಿ ಉರುಹೊಡೆಯುವ ಸುರಂಗವಿದ್ಯಮಾನ, ಆ ಹುಡುಗ ಆಟವನ್ನು ಉಳಿಸಿಡಲು ಗುಂಡಿಯೊತ್ತಿದಾಗಲೆಲ್ಲ ಕೋಟಿ ಕೋಟಿ ಸಲ ನಡೆಯುತ್ತಿದೆ.

ಒಂದು ಕೋಣೆಯಲ್ಲಿ ಸೆರೆಯಾಳು ಇದೆಯೋ ಇಲ್ಲವೋ ಎಂದಷ್ಟೇ ಕೇಳಿದರೆ ಒಂದು ಬಿಟ್ ಹಿಡಿಸುತ್ತದೆ. ಎಷ್ಟಿವೆಯೆಂದು ಅಳೆದರೆ ಹೆಚ್ಚು ಹಿಡಿಸಬಹುದು. ಎಂಟು ಮಟ್ಟಗಳನ್ನು ಗುರುತಿಸಿದರೆ ಮೂರು ಬಿಟ್, ಇದು ಟಿಎಲ್‌ಸಿ. ಹದಿನಾರು ಮಟ್ಟಗಳಾದರೆ ನಾಲ್ಕು ಬಿಟ್, ಇದು ಕ್ಯೂಎಲ್‌ಸಿ. ಸೇರಿನ ಅಳತೆಯಲ್ಲಿ ಪಾವು, ಚಟಾಕುಗಳ ಗೆರೆ ಹೆಚ್ಚಿದಷ್ಟೂ ಅಳೆಯುವವನು ನಿಧಾನಿಸಬೇಕು, ಗೆರೆ ತಪ್ಪುವ ಭಯವೂ ಹೆಚ್ಚು. ಆದ್ದರಿಂದ ಕ್ಯೂಎಲ್‌ಸಿ ಅಗ್ಗ. ಬರೆಯುವಾಗ ನಿಧಾನ, ಬಾಳಿಕೆಯೂ ಕಡಮೆ. ಕಣಗಳು ದಾಟಿದಂತೆಲ್ಲ ಗೋಡೆ ಸವೆಯುವುದು ನಿಜವೇ. ಆದರೆ ಈ ಸವೆತದ ಭಯವನ್ನು ಅಂಗಡಿಗಳಲ್ಲಿ ಅತಿಯಾಗಿ ಬೆಳೆಸಿದ್ದಾರೆ. ಒಂದು ಟೆರಾಬೈಟಿನ ಟಿಎಲ್‌ಸಿ ಡ್ರೈವಿಗೆ ೬೦೦ ಟೆರಾಬೈಟ್ ಬರೆಯುವವರೆಗೆ ಭರವಸೆ ಕೊಡುವುದು ವಾಡಿಕೆ. ದಿನಕ್ಕೆ ೩೦ ಗಿಗಾಬೈಟ್ ಬರೆದರೆ ೨೦,೦೦೦ ದಿನ, ಐವತ್ತನಾಲ್ಕು ವರ್ಷ! ಅದರ ಮೂರರಲ್ಲೊಂದು ಪಾಲು ಬಾಳಿದರೂ ಲ್ಯಾಪ್‌ಟಾಪಿನ ಕೀಲುಗಳು ಅದಕ್ಕೆ ಎಷ್ಟೋ ಮುಂಚೆ ಸಡಿಲವಾಗಿರುತ್ತವೆ.

ಈಗ ಹುಡುಗನ ಮುಖ್ಯ ಪ್ರಶ್ನೆ: ಎಷ್ಟು ವೇಗದ್ದು ಬೇಕು? ತುಣುಕೊಂದನ್ನು ಹುಡುಕಲು ಎಸ್ಎಸ್‌ಡಿಗೆ ಸುಮಾರು ೦.೧ ಮಿಲಿಸೆಕೆಂಡ್ ಸಾಕು. ಹಿಂದಿನ ಲೆಕ್ಕದ ಆರು ನಿಮಿಷ ಎರಡೇ ಸೆಕೆಂಡಿಗೆ ಇಳಿಯುತ್ತದೆ. ಇದು ಎಲ್ಲ ಎಸ್ಎಸ್‌ಡಿಗಳಿಗೂ ಹೆಚ್ಚುಕಡಮೆ ಸಮಾನ. ಅವುಗಳಲ್ಲಿ ಭೇದವಿರುವುದು ಸಾಮಾನು ಸಾಗುವ ಹಾದಿಯಲ್ಲಿ. ಹಾರ್ಡ್ ಡಿಸ್ಕಿನ ಕಾಲದ ಸಾಟಾ ಹಾದಿಯಲ್ಲಿ ಸೆಕೆಂಡಿಗೆ ೫೫೦ ಮೆಗಾಬೈಟ್ ಸಾಗುತ್ತವೆ. ಪಿಸಿಐಇ ಹಾದಿಯನ್ನು ಬಳಸುವ ಎನ್‌ವಿಎಂಇ ಎಂಬ ಬಗೆಯಲ್ಲಿ, ಮೂರನೆಯ ಪೀಳಿಗೆಯಾದರೆ ಸುಮಾರು ೩೫೦೦, ನಾಲ್ಕನೆಯದಾದರೆ ೭೦೦೦. ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ ಅಚ್ಚಾಗಿರುವುದು ಈ ಅಂಕಿಯೇ.

ಆದರೆ ಆಟ ತೆರೆಯುವುದೆಂದರೆ ಸಾಮಾನು ತರುವುದಷ್ಟೇ ಅಲ್ಲ. ತಂದ ಮೂಟೆಯನ್ನು ಬಿಚ್ಚಿ, ಒತ್ತಿಟ್ಟದ್ದನ್ನು ಹರಡಿ ಜೋಡಿಸುವ ಕೆಲಸ ಪ್ರೊಸೆಸರಿನದು. ಆಟವೊಂದಕ್ಕೆ ೪ ಗಿಗಾಬೈಟ್ ಸಾಮಾನು ಬೇಕು, ಬಿಚ್ಚಿ ಜೋಡಿಸಲು ೧೦ ಸೆಕೆಂಡ್ ಬೇಕು ಎಂದಿಟ್ಟುಕೊಳ್ಳೋಣ. ಸೆಕೆಂಡಿಗೆ ನೂರು ಮೆಗಾಬೈಟ್ ಕೊಡುವ ಹಾರ್ಡ್ ಡಿಸ್ಕಿನಲ್ಲಿ, ಎಲ್ಲವೂ ಸಾಲಾಗಿದ್ದರೂ, ಒಟ್ಟು ೫೦ ಸೆಕೆಂಡ್. ಸಾಟಾ ಎಸ್ಎಸ್‌ಡಿಯಲ್ಲಿ ೧೭. ಮೂರನೆಯ ಪೀಳಿಗೆಯ ಎನ್‌ವಿಎಂಇಯಲ್ಲಿ ೧೧. ನಾಲ್ಕನೆಯ ಪೀಳಿಗೆಯಲ್ಲಿ ೧೦.೬. ಕೊನೆಯ ಜಿಗಿತಕ್ಕೆ ಕೊಟ್ಟ ಹಣಕ್ಕೆ ದೊರೆತದ್ದು ಅರ್ಧ ಸೆಕೆಂಡು. ಕಣ್ಣು ಎರಡು ಸಲ ಮಿಟುಕಿಸಿದರೆ ಮುಗಿಯಿತು. ಒಂದು ಭಾಗವನ್ನು ಮಾತ್ರ ಎಷ್ಟು ಚುರುಕುಗೊಳಿಸಿದರೂ ಉಳಿದ ಭಾಗವೇ ಮಿತಿಯಾಗುತ್ತದೆಂಬುದನ್ನು ಜೀನ್ ಆಮ್ಡಾಲ್ ೧೯೬೭ರಲ್ಲಿಯೇ ತೋರಿಸಿದ್ದರು. ಸಾಮಾನನ್ನು ನೇರವಾಗಿ ಗ್ರಾಫಿಕ್ಸ್ ಕಾರ್ಡಿನ ಬಳಿಗೆ ಸಾಗಿಸಿ ಅಲ್ಲಿಯೇ ಬಿಚ್ಚುವ ಏರ್ಪಾಟು ೨೦೨೨ರಿಂದ ವಿಂಡೋಸಿನಲ್ಲಿ ಬಂದಿದೆ. ಅದನ್ನು ಬಳಸುವ ಆಟಗಳು ಹೆಚ್ಚಿದಷ್ಟೂ ಈ ಲೆಕ್ಕ ಬದಲಾಗಬಹುದು. ಕೈಯಲ್ಲಿರುವ ಹಣ ಒಂದೇ ಸಲದ್ದಾದರೆ ವೇಗಕ್ಕಿಂತ ಜಾಗವನ್ನೇ ಹೆಚ್ಚು ಕೊಳ್ಳಬೇಕೆಂಬುದು ನಮ್ಮ ಅಭಿಪ್ರಾಯ.

ಕೊಳ್ಳುವ ಮುನ್ನ ಲ್ಯಾಪ್‌ಟಾಪಿನ ಕೈಪಿಡಿಯನ್ನು ಓದಲೇಬೇಕು. ಈಗಿನ ಎಸ್ಎಸ್‌ಡಿ ೨೨ ಮಿಲಿಮೀಟರ್ ಅಗಲ, ೮೦ ಮಿಲಿಮೀಟರ್ ಉದ್ದದ ಒಂದು ಪಟ್ಟಿ, ಎಂ.೨ ಎಂಬ ಆಕಾರದ್ದು. ತೊಡಕೇನೆಂದರೆ ಸಾಟಾ ಹಾದಿಯದೂ ಎನ್‌ವಿಎಂಇಯೂ ಇದೇ ಆಕಾರದಲ್ಲಿ ಬರುತ್ತವೆ. ಒಂದರ ಗೂಡು ಇನ್ನೊಂದನ್ನು ಗುರುತಿಸದೆ ಹೋಗಬಹುದು. ಈ ತಪ್ಪನ್ನು ಹಿಂದೊಮ್ಮೆ ನಾವೇ ಮಾಡಿದ್ದುಂಟು. ಪಟ್ಟಿ ಗೂಡಿನಲ್ಲಿ ಸಲೀಸಾಗಿ ಕುಳಿತಿತು, ತಿರುಪೂ ಬಿಗಿಯಿತು, ಗಣಕ ಮಾತ್ರ ಅದನ್ನು ಕಾಣಲೇ ಇಲ್ಲ. ಅಂಗಡಿಯವನು ವಾಪಸು ತೆಗೆದುಕೊಳ್ಳಲಿಲ್ಲ. ಆ ಪಟ್ಟಿ ಇಂದಿಗೂ ನಮ್ಮ ಮೇಜಿನ ಸೆಳೆಖಾನೆಯಲ್ಲಿದೆ. ತರಗತಿಯಲ್ಲಿ ತೋರಿಸಲು ಉಪಯೋಗಕ್ಕೆ ಬಂದಿದೆ. ಅದರ ಹಸಿರು ಹಲಗೆಯಂಥ ಮುದ್ರಿತ ಸರ್ಕೀಟು ಹಲಗೆಗಳು ತಯಾರಾಗುವುದನ್ನು ತಿಳಿಯಲು ನಮ್ಮ ಜಿಲ್ಲೆಯವರು ದೂರ ಹೋಗಬೇಕಾಗಿಲ್ಲ. ನಂಜನಗೂಡಿನ ಕೈಗಾರಿಕಾ ಪ್ರದೇಶದಲ್ಲಿಯೇ ಆಸ್ಟ್ರಿಯಾ ದೇಶದ ಎಟಿ ಅಂಡ್ ಎಸ್ ಕಂಪನಿಯ ಕಾರ್ಖಾನೆ ಅಂಥ ಹಲಗೆಗಳನ್ನು ತಯಾರಿಸುತ್ತದೆ.

ಜಾಗದ ಲೆಕ್ಕದಲ್ಲಿ ಒಂದು ಮಾತು. ಒಂದು ಟೆರಾಬೈಟ್ ಕೊಂಡು ತಂದವನಿಗೆ ವಿಂಡೋಸು ೯೩೧ ಗಿಗಾಬೈಟ್ ಎಂದು ತೋರಿಸುತ್ತದೆ. ಮೋಸವಾಯಿತೆಂದು ಜಗಳಕ್ಕೆ ಹೋದವರುಂಟು. ತಯಾರಕನ ಗಿಗಾ ನೂರು ಕೋಟಿ, ವಿಂಡೋಸಿನ ಗಿಗಾ ೨ರ ೩೦ನೆಯ ಘಾತ, ಎಂದರೆ ಸುಮಾರು ೧೦೭ ಕೋಟಿ. ಭಾಗಿಸಿ ನೋಡಿದರೆ ಸರಿಹೋಗುತ್ತದೆ. ಇದಲ್ಲದೆ ಫ್ಲ್ಯಾಶ್ ಸ್ಮೃತಿಯಲ್ಲಿ ಒಂದೇ ಅಕ್ಷರವನ್ನು ಅಳಿಸಲು ಬರುವುದಿಲ್ಲ. ಸ್ಲೇಟನ್ನು ಪೂರ್ತಿ ಒರೆಸಿಯೇ ಮತ್ತೆ ಬರೆಯಬೇಕು. ಒರೆಸಿದ ಸ್ಲೇಟುಗಳು ಕೈಯಳವಿನಲ್ಲಿರದಿದ್ದರೆ ಕೆಲಸ ಕುಂಟುತ್ತದೆ. ಹತ್ತರಲ್ಲೊಂದು ಪಾಲನ್ನಾದರೂ ಬರಿದಾಗಿಡುವುದು ಲೇಸು.

ಎರಡು ಡ್ರೈವುಗಳನ್ನು ಹೆಣೆದು ಒಂದಾಗಿಸುವ ರೇಡ್-೦ ಏರ್ಪಾಟನ್ನು ಹುಡುಗನ ಗೆಳೆಯ ಹೊಗಳಿದ್ದನು. ಅದರಲ್ಲಿ ಪ್ರತಿಯೊಂದು ಕಡತವೂ ಸೀಳಿ, ಅರ್ಧ ಇಲ್ಲಿ ಅರ್ಧ ಅಲ್ಲಿ ಕೂರುತ್ತದೆ. ವೇಗ ಹೆಚ್ಚುವುದು ನಿಜ. ಆ ವೇಗದಿಂದ ಆಟಕ್ಕೆ ಲಾಭವೆಷ್ಟೆಂದು ಈಗತಾನೇ ನೋಡಿದೆವು. ನಷ್ಟವನ್ನೂ ನೋಡೋಣ. ಒಂದೊಂದು ಡ್ರೈವೂ ನೂರರಲ್ಲಿ ೯೭ ಪಾಲು ವರ್ಷ ಪೂರೈಸುವುದೆಂದು ಭಾವಿಸಿದರೆ, ಎರಡೂ ಪೂರೈಸುವ ಸಂಭವ ೦.೯೭ರ ವರ್ಗ, ಎಂದರೆ ೯೪. ಕೆಡುವ ಸಂಭವ ಮೂರರಿಂದ ಆರಕ್ಕೆ ಏರಿತು. ಒಂದು ಕೆಟ್ಟರೆ ಎರಡರಲ್ಲಿದ್ದದ್ದೂ ಹೋಯಿತು. ಜೋಡೆತ್ತಿನ ಗಾಡಿಯಲ್ಲಿ ಒಂದು ಎತ್ತು ಕುಸಿದರೆ ಇನ್ನೊಂದು ಎತ್ತು ಎಷ್ಟು ಬಲವಾಗಿದ್ದರೇನು? ಹುಡುಗ ಇದನ್ನು ತಾನೇ ಕಾಗದದ ಮೇಲೆ ಲೆಕ್ಕ ಹಾಕಿ, ಆ ಯೋಚನೆಯನ್ನು ಕೈಬಿಟ್ಟನು.

ನಮ್ಮ ಹಿರಿಯರು ಧಾನ್ಯವನ್ನು ಎರಡು ಕಡೆ ಇಡುತ್ತಿದ್ದರು. ದಿನಬಳಕೆಗೆ ಕಣಜ, ಬರಗಾಲಕ್ಕೆ, ನೆಲದೊಳಗೆ ತೋಡಿ ಮುಚ್ಚಿದ ಹಗೇವು. ಹಗೇವನ್ನು ದಿನವೂ ತೆರೆಯುವುದಿಲ್ಲ, ಬೇಗ ತೆರೆಯಬೇಕೆಂಬ ಆತುರವೂ ಇಲ್ಲ. ಗಣಕದಲ್ಲಿಯೂ ಹಗೇವು ಬೇಕು. ಅದಕ್ಕೆ ಅಗ್ಗವಾದ ಹಾರ್ಡ್ ಡಿಸ್ಕೇ ತಕ್ಕುದು. ಎಸ್ಎಸ್‌ಡಿಯ ಸೆರೆಯಾಳುಗಳು ಬಹು ನಿಧಾನವಾಗಿ ಸೋರಿಹೋಗುತ್ತವೆ. ಬಿಸಿಯಲ್ಲಿ ಇನ್ನೂ ಬೇಗ. ಸವೆದು ಮುಗಿದ ಎಸ್ಎಸ್‌ಡಿ ವಿದ್ಯುತ್ತಿಲ್ಲದೆ ೩೦ ಡಿಗ್ರಿಯಲ್ಲಿ ಒಂದು ವರ್ಷ ನೆನಪಿಟ್ಟುಕೊಳ್ಳಬೇಕೆಂಬುದಷ್ಟೇ ತಯಾರಕರ ಒಕ್ಕೂಟದ ಮಾನದಂಡ. ಹೊಸದು ಇದಕ್ಕಿಂತ ಬಹಳ ಹೆಚ್ಚು ಕಾಲ ತಡೆಯುತ್ತದೆ. ಆದರೂ ಅಟ್ಟದ ಮೇಲೆಸೆದು ಮರೆಯುವ ವಸ್ತು ಅದಲ್ಲ.

ಹಗೇವು ಒಂದೇ ಮನೆಯಲ್ಲಿದ್ದರೂ ಸಾಲದು. ೨೦೧೯ರ ಆಗಸ್ಟಿನಲ್ಲಿ ಕಪಿಲೆ ಉಕ್ಕಿ ನಂಜನಗೂಡಿನ ತಗ್ಗಿನ ಬೀದಿಗಳಿಗೆ ನೀರು ನುಗ್ಗಿದ್ದು ವಾಚಕರಿಗೆ ನೆನಪಿರಬಹುದು. ಹಿಂದಿನ ವರ್ಷವೂ ಹಾಗೆಯೇ ಆಗಿದ್ದಿತು. ಮೇಜಿನ ಮೇಲಿನ ಗಣಕವೂ ಅದರ ಪಕ್ಕದ ಪ್ರತಿಯೂ ಅಂಥ ನೀರಿನಲ್ಲಿ ಒಟ್ಟಿಗೇ ನೆನೆಯುತ್ತವೆ. ನರಸೀಪುರ, ನಂಜನಗೂಡು ತಾಲ್ಲೂಕುಗಳ ಶಾಸನಗಳನ್ನು ಬಿ. ಎಲ್. ರೈಸ್ ೧೮೯೪ರಲ್ಲಿ ಎಪಿಗ್ರಾಫಿಯ ಕರ್ನಾಟಿಕದ ಮೂರನೆಯ ಸಂಪುಟದಲ್ಲಿ ಅಚ್ಚು ಹಾಕಿಸಿದರು. ಹೊಲದ ಬದುವಿನ ಕಲ್ಲು ಸವೆದು ಹೋದರೂ ಅದರ ಪಾಠ ದೂರದೂರದ ಗ್ರಂಥಾಲಯಗಳಲ್ಲಿ ಇರುತ್ತದೆ.

ಹುಡುಗಿಯ ಡಿಸ್ಕಿನಿಂದ ಪ್ರತಿ ತೆಗೆಯಲು ಮೂರು ಸಂಜೆ ಹಿಡಿಯಿತು. ಮೊದಲು ಅಜ್ಜಿಯ ಪದಗಳು, ಆಮೇಲೆ ಚಿತ್ರಗಳು, ಕಡೆಗೆ ಉಳಿದದ್ದು ಎಂದು ಕ್ರಮವಿಟ್ಟುಕೊಂಡೆವು. ಸದ್ದು ಹೆಚ್ಚಿದಾಗ ಆರಿಸಿ, ತಣ್ಣಗಾದ ಮೇಲೆ ಮತ್ತೆ ಹಿಡಿದೆವು. ನಲವತ್ತರಲ್ಲಿ ಮೂವತ್ತೆಂಟು ಬಂದುವು. ಮೂರನೆಯ ಸಂಜೆ ತಟ್ಟೆ ತಿರುಗುವುದನ್ನೇ ನಿಲ್ಲಿಸಿತು. ಆಟದ ಕಡತಗಳು ಅದರೊಡನೆಯೇ ಹೋದುವು. ಅವನ್ನು ಮತ್ತೆ ಇಳಿಸಿಕೊಳ್ಳಬಹುದಾದ್ದರಿಂದ ಯಾರಿಗೂ ದುಃಖವಾಗಲಿಲ್ಲ. ಆ ಹಳೆಯ ಯಂತ್ರದಲ್ಲಿ ಇದ್ದುದು ಸಾಟಾ ಹಾದಿಯ ಎರಡೂವರೆ ಅಂಗುಲದ ಗೂಡೊಂದೇ. ಅರ್ಧ ಟೆರಾಬೈಟಿನ ಸಾಟಾ ಎಸ್ಎಸ್‌ಡಿ ಹಾಕಿಸಿದಳು. ಕಾಫಿ ಕಾಯಿಸುವಷ್ಟು ಹೊತ್ತು ಹಿಡಿಯುತ್ತಿದ್ದ ಆಟ, ನಮ್ಮ ಪ್ರಯೋಗಶಾಲೆಯ ನಿಲ್‌ಗಡಿಯಾರದಲ್ಲಿ ೨೨ ಸೆಕೆಂಡಿಗೆ ತೆರೆದುಕೊಂಡಿತು. ಪದಗಳ ಒಂದು ಪ್ರತಿ ಬೆಂಗಳೂರಿನ ಅಣ್ಣನ ಬಳಿ ಇದೆ, ಇನ್ನೊಂದು ಮೈಸೂರಿನ ಚಿಕ್ಕಮ್ಮನ ಮನೆಯಲ್ಲಿ.

ಹುಡುಗನ ಯಂತ್ರದಲ್ಲಿ ಖಾಲಿ ಎಂ.೨ ಗೂಡೊಂದಿದ್ದಿತು. ಮೊದಲಿನ ಡ್ರೈವನ್ನು ವಿಂಡೋಸಿಗೂ ಕಾಲೇಜಿನ ಕೆಲಸಕ್ಕೂ ಬಿಟ್ಟು, ಆಟಗಳಿಗೆಂದು ಮೂರನೆಯ ಪೀಳಿಗೆಯ ಒಂದು ಟೆರಾಬೈಟ್ ಟಿಎಲ್‌ಸಿ ತಂದನು. ಉಳಿದ ಹಣದಲ್ಲಿ ಹೊರಗಿನಿಂದ ಜೋಡಿಸುವ ಹಾರ್ಡ್ ಡಿಸ್ಕೊಂದನ್ನೂ ಕೊಂಡು, ನದಿಯಿಂದ ದೂರವಿರುವ ಮಾವನ ಅಂಗಡಿಯ ಅಟ್ಟದ ಮೇಲಿಟ್ಟಿದ್ದಾನೆ. ಬೇಸಗೆಯಲ್ಲಿ ಮತ್ತೆ ಬಂದು, ಒಂದು ತಾಸು ಆಡಿದ ಮೇಲೆ ಡ್ರೈವ್ ೭೦ ಡಿಗ್ರಿ ದಾಟುತ್ತಿದೆಯೆಂದು ದೂರಿದನು. ಯಂತ್ರವನ್ನು ಎಲ್ಲಿಟ್ಟು ಆಡುತ್ತೀಯೆಂದು ಕೇಳಿದೆವು. ಹಾಸಿಗೆಯ ಮೇಲಂತೆ! ಎರಡು ಮರದ ಪಟ್ಟಿಗಳ ಮೇಲಿಟ್ಟು, ಕೆಳಗೆ ಗಾಳಿಯಾಡುವಂತೆ ಮಾಡಿ ನೋಡೆಂದು ಕಳುಹಿಸಿದ್ದೇವೆ. ಅಂಕಿಗಳನ್ನು ಬರೆದು ತರುವನೆಂದು ಕಾಯುತ್ತಿದ್ದೇವೆ.